ಕುಡುಗೋಲು ಬೀಳದ ದಸರೆ

ಮೊನ್ನೆ ಸಿರುಗುಪ್ಪದಲ್ಲಿ ಅವ್ವನ ಮನೆಯ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಾಲುವೆಯ ಆಚೆ ಯಾರೋ ಭತ್ತದ ಕೂಳೆಗೆ ಬೆಂಕಿ ಇಟ್ಟರು. ಈಗ ಕೊಯ್ಲೆಲ್ಲ ಯಂತ್ರದ್ದು. ಯಂತ್ರ ತುಳಿದು ಬಿಟ್ಟ ಹುಲ್ಲು ಯಾರಿಗೂ ಬೇಡ, ಮುಂದಿನ ನಾಟಿಗೆ ಗದ್ದೆ ಬೇಗ ತೆರವಾಗಬೇಕು, ಒಂದು ಕಡ್ಡಿ ಗೀರಿದರೆ ಕೆಲಸ ಮುಗಿಯಿತು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಅರ್ಧ ಬಟ್ಟೆಯನ್ನು ಹಗ್ಗದ ಮೇಲೇ ಬಿಟ್ಟು ಕೆಳಗಿಳಿದು ಬಂದು, ಕಿಟಕಿ ಮುಚ್ಚಿಕೊಂಡು ಕೂತೆ. ಅವ್ವ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದಳು.

“ಹುಲ್ಲು ಸುಡೋದು ಹೊಸಾದೇನವ್ವ ನಿನಗ? ವರ್ಷಾ ವರ್ಷಾ ನೋಡ್ತೀದಿ,” ಅಂದಳು.

ಹೊಸದಲ್ಲ. ಆದರೆ ನಾಲ್ಕು ವರ್ಷದಿಂದ ಒಣಹುಲ್ಲಿನ ಹೊಗೆ ಮೂಗಿಗೆ ಬಡಿದರೆ ನಾನು ಹೊರಗೆ ನಿಲ್ಲಲಾರೆ. ಕುರುಗೋಡಿನ ಆಚೆ ಒಂದು ಗುಡ್ಡ ನನ್ನಿಂದ ಸುಟ್ಟುಹೋಯಿತು. ಕಡ್ಡಿ ಗೀರಿದವಳು ನಾನಲ್ಲ, ಗೀರಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆದರೂ ಅದು ಸುಟ್ಟಿದ್ದು ನನ್ನಿಂದ. ಅವ್ವನಿಗೆ ಇದನ್ನು ಯಾವತ್ತೂ ಹೇಳಿಲ್ಲ. ಮಗಳು ಕಾಡು ಬೆಳೆಸುವ ಕೆಲಸ ಮಾಡುತ್ತಿದ್ದಳು ಅಂತ ಆಕೆ ಇನ್ನೂ ಬೀದಿಯವರ ಮುಂದೆ ಹೇಳಿಕೊಳ್ಳುತ್ತಾಳೆ.

ಆಗ ನನಗೆ ಇಪ್ಪತ್ತಾರು. ಪರಿಸರ ವಿಜ್ಞಾನ ಓದಿ ಮುಗಿಸಿ, ಬಳ್ಳಾರಿಯ ಗಾಂಧಿನಗರದಲ್ಲಿ ಕಚೇರಿ ಇಟ್ಟಿದ್ದ ಒಂದು ಸಂಸ್ಥೆಗೆ ಸೇರಿದ್ದೆ. ಎಲ್ಲೋ ದೂರದ ದೇಶದ ಕಾರ್ಖಾನೆಗಳು ಬಿಡುವ ಹೊಗೆಗೆ ಬದಲಾಗಿ ಇಲ್ಲಿ ಕಾಡು ಬೆಳೆಸುವುದು ಅದರ ಕೆಲಸ. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ಹೊರಗಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ನಾವೂ ಅವರ ಜೊತೆ ನಗುತ್ತಿದ್ದೆವು. ನಾನು ಸೇರಿದ ಬೇಸಿಗೆಯಲ್ಲಿ ಆ ನಗು ನಿಂತುಹೋಗಿತ್ತು. ನನ್ನ ಬಾಡಿಗೆ ಕೋಣೆಯ ನಲ್ಲಿಯಲ್ಲಿ ಮಧ್ಯಾಹ್ನ ಬರುತ್ತಿದ್ದ ನೀರಿಗೆ ಕೈ ಒಡ್ಡಲಾಗುತ್ತಿರಲಿಲ್ಲ. ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನಲು ಬಂದವರು ಬೆಳಗಿನ ಎಂಟು ಗಂಟೆಗೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಿಸಿಲಿಗೆ ಶಾಪ ಹಾಕುತ್ತಿದ್ದರು. ನಾನು ಮಾತ್ರ ಒಳಗೊಳಗೇ ಹಿಗ್ಗುತ್ತಿದ್ದೆ. ಈ ಬಿಸಿಲಿಗೆ ಮದ್ದು ನನ್ನ ಹತ್ತಿರ ಇದೆ ಅನ್ನುವ ಸೊಕ್ಕು ಅದು.

ನನಗೆ ವಹಿಸಿದ್ದು ಗುಬ್ಬಿಗುಡ್ಡ. ಅದರ ಬುಡದ ಊರಿನ ಹೆಸರು ಬರೆಯುವುದಿಲ್ಲ, ಆ ಜನ ಇನ್ನೂ ಅಲ್ಲೇ ಇದ್ದಾರೆ. ಆ ಸೀಮೆಯ ಎಲ್ಲ ಗುಡ್ಡಗಳ ಹಾಗೆ ಅದೂ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಗುಡ್ಡ. ನಡುನಡುವೆ ಕಾರೆ, ತಂಗಡಿ, ಬಂದರಿಕೆಯ ಕಂಟಿಗಳು, ಕಂಟಿಗಳ ನಡುವೆ ಹುಲ್ಲು. ಬಡಗಣ ಮಗ್ಗುಲಿಗೆ ಒಂದು ಕೊಳ್ಳ. ಕೊಳ್ಳದೊಳಗೆ ಹನ್ನೊಂದು ಕಮರದ ಮರಗಳು. ಕಮರ ಈ ಒಣನೆಲದ ಮರ. ಒಂದು ಕಾಲಕ್ಕೆ ಗುಡ್ಡದ ತುಂಬ ಇದ್ದವಂತೆ, ಈಗ ಉಳಿದದ್ದು ಆ ಹನ್ನೊಂದೇ. ಎಷ್ಟು ವರ್ಷದವೋ ಯಾರಿಗೂ ಗೊತ್ತಿರಲಿಲ್ಲ. ಇಬ್ಬರು ಕೈ ಚಾಚಿ ತಬ್ಬಿದರೂ ಬೆರಳು ಕೂಡದಷ್ಟು ದಪ್ಪ. ಹೊರಗೆ ಬಂಡೆಗಳು ಕಾದ ಹಂಚಿನಂತೆ ಉರಿಯುತ್ತಿದ್ದರೆ ಅವುಗಳ ಕೆಳಗೆ ಕೂತವರಿಗೆ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ. ಮರಗಳ ಬುಡದಲ್ಲಿ ಒಂದು ಸಣ್ಣ ಒರತೆ ಇತ್ತು, ಅದು ಏಪ್ರಿಲ್ ತಿಂಗಳಲ್ಲೂ ಜಿನುಗುತ್ತಿತ್ತು.

ನಮ್ಮ ಯೋಜನೆ ಈ ಹನ್ನೊಂದು ಮರಗಳ ಬೀಜದಿಂದ ಗುಡ್ಡದ ತುಂಬ ಕಮರ ಬೆಳೆಸುವುದು. ಬೀಜ ಆರಿಸಲು ಹೋದ ಮೊದಲ ದಿನವೇ ಸಿಕ್ಕವಳು ಹುಲಿಗೆಮ್ಮ. ಎರಡು ಎಮ್ಮೆ ಸಾಕಿಕೊಂಡು ಸೊಸೆಯ ಜೊತೆ ಇದ್ದವಳು. ಎಮ್ಮೆಗಳಿಗೆ ವರ್ಷದ ಮೇವು ಗುಬ್ಬಿಗುಡ್ಡದ ಹುಲ್ಲೇ. ವಯಸ್ಸೆಷ್ಟು ಅಂದರೆ, “ಈ ಮರಕ್ಕಿಂತ ಸಣ್ಣಾಕಿ, ನಿಮಗಿಂತ ದೊಡ್ಡಾಕಿ, ಅಷ್ಟು ಸಾಕಲ್ರಿ?” ಅಂದಳು. ನನ್ನನ್ನು ಮೊದಲ ಎರಡು ದಿನ “ಮೇಡಮ್ಮಾರ” ಅಂದವಳು ಮೂರನೇ ದಿನಕ್ಕೆ “ತಂಗಿ” ಅನ್ನತೊಡಗಿದಳು. ನಾನು ಆಕೆಯನ್ನು ಅಕ್ಕ ಅಂದೆ. ಆಕೆ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಪುಂಡಿಪಲ್ಯದಲ್ಲಿ ಅರ್ಧ ನನ್ನದಾಗುತ್ತಿತ್ತು.

ಕಮರದ ಬೀಜಕ್ಕೆ ಕಾಗದದಂಥ ರೆಕ್ಕೆ. ಗಾಳಿ ಬಂದರೆ ಉದುರಿ ತಿರುಗುತ್ತ ಹೋಗಿ ಬೀಳುತ್ತಿದ್ದವು. ಹುಲಿಗೆಮ್ಮ ಉಡಿಯೊಡ್ಡಿ ಆರಿಸುತ್ತ, “ಇದು ಭಾಳ ಹಟಮಾರಿ ಗಿಡ ತಂಗಿ. ಮೊದಲಿನ ವರ್ಷ ಮ್ಯಾಲ ಬರೂದೇ ಇಲ್ಲ, ಕೆಳಗ ಕೆಳಗ ಹೋಗತೈತಿ. ಬೇರು ನೀರು ಹುಡುಕಿದ ಮ್ಯಾಲೇ ತಲಿ ಎತ್ತತೈತಿ,” ಅಂದಳು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ತಲೆಯಾಡಿಸಿದೆ. ತಲೆಯಾಡಿಸಿ, ಆ ಬೀಜಗಳನ್ನು ಕೆಂಚನಗುಡ್ಡದ ಸಸಿತೋಟಕ್ಕೆ ಒಯ್ದು, ತುಂಗಭದ್ರೆಯ ದಂಡೆಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಬೆಳಿಗ್ಗೆ ಸಂಜೆ ನೀರು ಹೊಡೆಸಿದೆ. ನಾನು ಭತ್ತದ ಸೀಮೆಯವಳು. ಹುಟ್ಟಿದಾಗಿನಿಂದ ಕಂಡದ್ದು ಮಡಿಯಲ್ಲಿ ಸಸಿ ಮಾಡಿ, ಕಿತ್ತು, ಕೆಸರಿನಲ್ಲಿ ನಾಟಿ ಮಾಡುವುದು. ಮರವನ್ನೂ ಹಾಗೇ ಮಾಡಬಹುದು ಅಂದುಕೊಂಡೆ. ಚೀಲದ ತಳ ಮುಟ್ಟಿದ ಬೇರುಗಳು ಮುಂದೆ ಹೋಗಲು ಜಾಗವಿಲ್ಲದೆ ಅಲ್ಲೇ ಸುರುಳಿ ಸುತ್ತಿಕೊಂಡವು. ಮೇಲೆ ಎಲೆ ಹಸಿರಾಗಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ಸಸಿ ನೆಡುವ ಮೊದಲು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಊರ ಸಭೆ ಸೇರಿಸಿದೆವು. ಮೂರು ವರ್ಷ ಗುಡ್ಡದೊಳಗೆ ಯಾರೂ ಹೋಗಬಾರದು, ದನ ಕುರಿ ಬಿಡಬಾರದು, ಕಟ್ಟಿಗೆ ಹುಲ್ಲು ತರಬಾರದು ಅಂತ ಒಪ್ಪಂದದ ಕಾಗದ. ಓದಿ ಹೇಳಿದವಳು ನಾನೇ. ಗಾಳಿಯಲ್ಲಿ ಹೊಗೆ ಹೇಗೆ ಹೆಚ್ಚಾಗಿದೆ, ಮರ ಅದನ್ನು ಹೇಗೆ ಹೀರಿ ಮೈಯೊಳಗೆ ಇಟ್ಟುಕೊಳ್ಳುತ್ತದೆ, ಅದರಿಂದ ಬಿಸಿಲು ಹೇಗೆ ತಗ್ಗೀತು ಅಂತ ಕೈಬಾಯಿ ತಿರುಗಿಸಿ ವಿವರಿಸಿದೆ.

“ದೂರದ ಊರಾಗಿನ ಹೊಗಿ ನಮ್ಮ ಗುಡ್ಡ ಯಾಕ ಕುಡೀಬೇಕ್ರಿ?” ಅಂತ ಎರ್ರಿಸ್ವಾಮಿ ಕೇಳಿದ. ಕುರಿ ಕಾಯುತ್ತಿದ್ದವನನ್ನು ನಾವು ಗುಡ್ಡದ ಕಾವಲಿಗೆ ಇಟ್ಟುಕೊಂಡಿದ್ದೆವು. ಮಾತಿನಲ್ಲಿ ಯಾರನ್ನೂ ಬಿಡದವನು.

“ಕುಡೀಲಿ ಬಿಡಪ್ಪ, ನೀ ಬೀಡಿ ಸೇದಿ ಬಿಟ್ಟಿದ್ದೂ ಅದೇ ಕುಡೀಬೇಕಲ್ಲ,” ಅಂತ ಹುಲಿಗೆಮ್ಮ ಅಂದಳು. ಎಲ್ಲರೂ ನಕ್ಕರು. ನಕ್ಕು ಹೆಬ್ಬೆಟ್ಟು ಒತ್ತಿದರು. ಆಕೆ ಹೆಬ್ಬೆಟ್ಟಿನ ಮಸಿಯನ್ನು ಕಟ್ಟೆಯ ಕಲ್ಲಿಗೆ ಒರೆಸುತ್ತ ನನ್ನನ್ನು ಕೇಳಿದಳು, “ತಂಗಿ, ದಸರಿಗೆ ಹುಲ್ಲು ಕೊಯ್ಯಾಕ ಬಿಡ್ತೀರಲ್ಲ?” ಆಗ ನೋಡೋಣ ಅಂದೆ.

ಆರಿದ್ರ ಮಳೆ ಕೈಕೊಟ್ಟಿತು. ಶ್ರಾವಣದಲ್ಲಿ ಅಷ್ಟಿಷ್ಟು ಬಿದ್ದಾಗ ನೆಟ್ಟೆವು. ಉತ್ತರಿ ಮಳೆಗೆ ಬಾನು ತೂತಾದಂತೆ ಸುರಿದು ಗುಡ್ಡದ ಹುಲ್ಲು ಎದೆಮಟ್ಟ ಬೆಳೆಯಿತು. ಅಂಥ ಹುಲ್ಲನ್ನು ಆ ಊರಿನವರೇ ಕಂಡಿರಲಿಲ್ಲವಂತೆ. ಕುರಿ ಒಳಗೆ ಹೋಗಿರಲಿಲ್ಲವಲ್ಲ, ತಡೆಯುವವರಿಲ್ಲದೆ ಬೆಳೆದಿತ್ತು. ನಾನು ಬಂಡೆಯ ಮೇಲೆ ನಿಂತು ಫೋಟೊ ತೆಗೆದು ಗಾಂಧಿನಗರಕ್ಕೆ ಕಳಿಸಿದೆ. ನಮ್ಮ ಸಂಯೋಜಕರು ಕೂಡಲೇ ಫೋನ್ ಮಾಡಿ ಹೊಗಳಿದರು. ಆಕಾಶದಿಂದ ಉಪಗ್ರಹ ತೆಗೆಯುವ ಚಿತ್ರದಲ್ಲಿ ಗುಡ್ಡ ಹಸಿರಾಗಿ ಕಾಣುತ್ತಿದೆ, ನವೆಂಬರಿನಲ್ಲಿ ತಪಾಸಣೆಗೆ ಬರುತ್ತಾರೆ, ಅಲ್ಲಿಯವರೆಗೆ ಹೀಗೇ ಇರಲಿ ಅಂದರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಗೆ ಕುಡುಗೋಲು ತೊಳೆದು ಕುಂಕುಮ ಹಚ್ಚಿ ಇಡುತ್ತಾರೆ. ವಿಜಯದಶಮಿಗೆ ಬನ್ನಿ ಹಂಚಿಕೊಂಡು ಬಂಗಾರದಂಗಿರೋಣ ಅನ್ನುತ್ತಾರೆ. ಮರುದಿನ ಬೆಳಿಗ್ಗೆ ಹೆಂಗಸರು ಗುಡ್ಡಕ್ಕೆ ಹೋಗುತ್ತಾರೆ. ಮೊದಲ ಕುಡುಗೋಲು ಹಾಕುವುದು ಹುಲಿಗೆಮ್ಮನ ಮನೆತನದ ಹೆಣ್ಣು. ಅದೂ ಕೊಳ್ಳದೊಳಗೆ, ಕಮರದ ಮರಗಳ ಸುತ್ತ. ಮರಗಳಿಂದ ಇಪ್ಪತ್ತು ಮೂವತ್ತು ಹೆಜ್ಜೆಯವರೆಗೆ ಒಂದು ಕಡ್ಡಿ ಉಳಿಯದಂತೆ ಕೊಯ್ಯುತ್ತಾರೆ. ಆ ದಿನದ ಹುಲ್ಲು ಯಾರ ಮನೆಗೂ ಹೋಗುವುದಿಲ್ಲ, ಅದು ದೇವರಿಗೆ ಬಿಟ್ಟ ಗೂಳಿಯ, ಊರ ಬಸವನ ಪಾಲು. ಹೊರೆ ಕಟ್ಟಿ ತಂದು ಬಸವನ ಮುಂದೆ ಹಾಕಿ ಕೈಮುಗಿಯುತ್ತಾರೆ. ಎರಡನೇ ದಿನದಿಂದ ಗುಡ್ಡದ ಬುಡದ ಸುತ್ತಲಿನ ಹುಲ್ಲು ಅವರವರ ಎಮ್ಮೆ ಆಕಳಿಗೆ.

ಬನ್ನಿಯ ಮರುದಿನ ನಾನು ಗುಡ್ಡದ ಬಾಯಲ್ಲೇ ನಿಂತಿದ್ದೆ. ಹನ್ನೆರಡು ಹದಿಮೂರು ಹೆಂಗಸರು ಬಂದರು. ಮುಂದೆ ಹುಲಿಗೆಮ್ಮ.

“ಅಕ್ಕ, ತಪಾಸಣೆ ಮುಗೀಲಿ. ಇನ್ನೊಂದು ತಿಂಗಳು ತಡೀರಿ,” ಅಂದೆ.

“ತಿಂಗಳು ಬಿಟ್ರ ಕಡ್ಡಿ ಆಗತೈತಿ ತಂಗಿ. ಎಮ್ಮಿ ಮೂಸಿ ನೋಡೂದಿಲ್ಲ.”

“ಸಸಿಗಳಿಗೆ ನೆರಳು ಬೇಕು. ಹುಲ್ಲು ಇದ್ದರೆ ನೆಲ ತಂಪಿರುತ್ತೆ.”

“ನಿಮ್ಮ ಸಸಿ ಕಡಿಗೆ ಹೋಗೂದಿಲ್ಲವ್ವ. ಬಸವನ ಪಾಲು ಒಂದು ಕೊಯ್ಕೊಂಡು ಬಂದ್ಬಿಡ್ತೀವಿ. ಮರದ ಸುತ್ತಾ ಅಷ್ಟ. ಅಲ್ಲಿ ಹುಲ್ಲು ಬಿಡಬಾರದು ಅಂತೈತಿ.”

“ಯಾಕೆ ಬಿಡಬಾರದು?”

ಆಕೆ ಸ್ವಲ್ಪ ಯೋಚಿಸಿದಳು. “ನಮ್ಮತ್ತಿ ಬಿಡ್ತಿದ್ದಿಲ್ಲ. ಆಕಿ ಅತ್ತಿನೂ ಬಿಡ್ತಿದ್ದಿಲ್ಲ,” ಅಂದಳು.

ನಾನು ನಕ್ಕೆ. ಸಿಟ್ಟಿನಿಂದಲ್ಲ, ಓದಿದವರು ಓದದವರ ಮುಂದೆ ನಗುತ್ತಾರಲ್ಲ, ಆ ನಗು. ಬಸವನಿಗೆ ನಾನೇ ಮೋಕ ಊರಿನಿಂದ ಒಂದು ಗಾಡಿ ಜೋಳದ ಸೊಪ್ಪೆ ತರಿಸಿ ಹಾಕಿಸುತ್ತೇನೆ ಅಂದೆ. ಆಮೇಲೆ ನನ್ನ ಬ್ಯಾಗಿನಿಂದ ಒಪ್ಪಂದದ ಕಾಗದ ತೆಗೆದೆ. ಅದನ್ನು ತೆಗೆಯಬಾರದಿತ್ತು. ಹೆಂಗಸರೆಲ್ಲ ಆ ಕಾಗದ ನೋಡಿದರು, ಅದರಲ್ಲಿ ತಮ್ಮ ಹೆಬ್ಬೆಟ್ಟು ಹುಡುಕಿದರು. ಹುಲಿಗೆಮ್ಮ ಕುಡುಗೋಲನ್ನು ಸೆರಗಿನೊಳಗೆ ಸುತ್ತಿಕೊಂಡಳು. “ಆಯ್ತು ಬಿಡ್ರಿ ಮೇಡಮ್ಮಾರ, ಓದಿದೋರು ಅದೀರಿ,” ಅಂದು ತಿರುಗಿದಳು. ಆ ದಿನದ ನಂತರ ಆಕೆ ನನ್ನನ್ನು ತಂಗಿ ಅನ್ನಲಿಲ್ಲ. ಸೊಪ್ಪೆಯ ಗಾಡಿ ಹೇಳಿದ ಹಾಗೆ ಬಂತು, ಬಸವ ತಿಂದಿತು, ನಾನು ಗೆದ್ದೆ ಅಂದುಕೊಂಡೆ.

ತಪಾಸಣೆಗೆ ಬಂದವರು ಗುಡ್ಡದ ಬುಡದಲ್ಲಿ ಕಾರಿನಿಂದ ಇಳಿದು, ಅಲ್ಲಿಂದಲೇ ನೋಡಿ, ಬಿಸಿಲು ಬಹಳ ಅಂದು ವಾಪಸ್ ಹೋದರು. ಸಸಿಗಳ ಹತ್ತಿರ ಒಬ್ಬರೂ ಹೋಗಲಿಲ್ಲ. ಹೋಗಿದ್ದರೆ ಅರ್ಧಕ್ಕಿಂತ ಹೆಚ್ಚು ಸಸಿ ಹುಲ್ಲಿನೊಳಗೆ ಉಸಿರುಕಟ್ಟಿ ಒಣಗಿದ್ದು ಕಾಣುತ್ತಿತ್ತು. ನಾನು ಕಂಡಿದ್ದೆ, ಹೇಳಲಿಲ್ಲ. ಒಂದನ್ನು ಕಿತ್ತು ನೋಡಿದಾಗ ಬೇರು ಚೀಲದ ಆಕಾರದಲ್ಲೇ ಮುದುಡಿತ್ತು. ಮುಂದಿನ ವರ್ಷ ಸರಿಮಾಡೋಣ ಅಂದುಕೊಂಡು ಅದನ್ನು ಬಂಡೆಯ ಸಂದಿಗೆ ಎಸೆದೆ.

ಡಿಸೆಂಬರ್ ಜನವರಿಯಲ್ಲಿ ಗುಡ್ಡ ಬಂಗಾರದ ಬಣ್ಣಕ್ಕೆ ತಿರುಗಿತು. ನೋಡಲು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಗಾಳಿ ಬೀಸಿದರೆ ಇಡೀ ಗುಡ್ಡ ಸರಸರ ಅನ್ನುತ್ತಿತ್ತು. ನಮ್ಮ ಸಿರುಗುಪ್ಪದಲ್ಲಿ ಕೊಯ್ದ ಗದ್ದೆಯ ಕೂಳೆ ಬಿಟ್ಟರೆ ಹುಲ್ಲು ಒಣಗಿ ನಿಲ್ಲುವುದನ್ನೇ ನಾನು ನೋಡಿರಲಿಲ್ಲ. ಕಾಲುವೆಯ ನೀರಿನ ಊರಿನಲ್ಲಿ ಬದುವಿನ ಹುಲ್ಲು ವರ್ಷವಿಡೀ ಒದ್ದೆ. ಹಸಿರಾಗಿ ಬೆಳೆದದ್ದನ್ನು ಉಳಿಸಿಕೊಂಡರೆ ಒಳ್ಳೆಯದು ಅನ್ನುವುದಷ್ಟೇ ನಾನು ಅಲ್ಲಿ ಕಲಿತದ್ದು.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಆ ವರ್ಷ ಸಂಕ್ರಾಂತಿಗೇ ಹೋಗಿತ್ತು. ಶಿವರಾತ್ರಿ ಕಳೆದು ಎಂಟು ಹತ್ತು ದಿನಕ್ಕೆ, ಮಧ್ಯಾಹ್ನ ಊಟಕ್ಕೆ ಕೂತಾಗ ಎರ್ರಿಸ್ವಾಮಿಯ ಫೋನ್ ಬಂತು.

“ಮೇಡಮ್ಮಾರ, ಗುಡ್ಡ ಹತ್ಕೊಂಡೈತ್ರಿ. ಜಲ್ದಿ ಬರ್ರಿ.”

ಗಾಂಧಿನಗರದಿಂದ ಸ್ಟ್ಯಾಂಡಿಗೆ ಆಟೋ, ಸ್ಟ್ಯಾಂಡಿನಿಂದ ಕುರುಗೋಡಿಗೆ ಬಸ್ಸು. ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಅವರು ಬಂದರು, ಬಂಡಿ ಹೋಗಲು ದಾರಿ ಇರುವವರೆಗೆ ಬಂದರು. ಬಸ್ಸಿನ ಕಿಟಕಿಯಿಂದ ಹೊಗೆ ಕಾಣಿಸಿದಾಗ ಪಕ್ಕದಲ್ಲಿ ಕೂತಿದ್ದ ಮುದುಕ, “ಗುಬ್ಬಿಗುಡ್ಡದ ಕಡಿಗೈತಿ. ವರ್ಷಾ ಬೀಳತೈತಿ, ಆದ್ರ ಇಷ್ಟು ಹೊಗಿ ನೋಡಿದ್ದಿಲ್ಲ,” ಅಂದ. ವರ್ಷಾ ಬೀಳುತ್ತದೆ ಅನ್ನುವುದು ನನ್ನ ಕಿವಿಗೆ ಬಿದ್ದದ್ದು ಆಗ, ಮೊದಲ ಸಲ.

ಊರಿನವರು ಹಸಿ ಬಂದರಿಕೆಯ ಕೊಂಬೆ, ಒದ್ದೆ ಗೋಣಿಚೀಲ ಹಿಡಿದು ಬಡಿಯುತ್ತಿದ್ದರು. ಎದೆಮಟ್ಟದ ಒಣಹುಲ್ಲನ್ನು ಬಡಿದು ಆರಿಸಲಾದೀತೇ. ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುತ್ತಾರಲ್ಲ, ನಾವು ಬಾವಿ ತೋಡುತ್ತಿದ್ದೆವು. ನನ್ನ ಸಸಿಗಳ ಸಾಲು ಆಗಲೇ ಹೋಗಿತ್ತು, ಸುಟ್ಟ ಪ್ಲಾಸ್ಟಿಕ್ಕಿನ ನಾತ ಹೊಗೆಯಲ್ಲಿ ಬೆರೆತಿತ್ತು. ಎಷ್ಟೋ ಸಸಿಗಳನ್ನು ಕೂಲಿಯವರು ಚೀಲ ಹರಿಯದೆ ನೆಟ್ಟಿದ್ದರು ಅಂತ ಆಗ ತಿಳಿಯಿತು. ನಾನು ಅವುಗಳ ಕಡೆ ತಿರುಗಿ ನೋಡಲಿಲ್ಲ. ಹುಲಿಗೆಮ್ಮ ಎಲ್ಲಿ ಅಂತ ಕೇಳಿದೆ. ಎರ್ರಿಸ್ವಾಮಿ ಕೊಳ್ಳದ ಕಡೆ ಕೈ ತೋರಿಸಿದ.

ಆಕೆ ಒಬ್ಬಳೇ ಕಮರದ ಮರಗಳ ನಡುವೆ ಕೂತು ಹುಲ್ಲು ಕೊಯ್ಯುತ್ತಿದ್ದಳು. ತಲೆ ಎತ್ತದೆ, ಒಂದು ಮರದ ಬುಡದಿಂದ ಇನ್ನೊಂದಕ್ಕೆ ಸರಿಯುತ್ತ ಕೊಯ್ಯುತ್ತಿದ್ದಳು. ಒಣಗಿದ ಹುಲ್ಲು ತಂತಿಯ ಹಾಗೆ, ಕುಡುಗೋಲಿಗೆ ಬಾಗುತ್ತಿರಲಿಲ್ಲ. ಅಂಗೈ ಸೀಳಿ ಕುಡುಗೋಲಿನ ಹಿಡಿ ರಕ್ತವಾಗಿತ್ತು. ಆಗ ನನಗೆ ಅರ್ಥವಾಯಿತು, ಆ ಸುತ್ತಲಿನ ಕೊಯ್ಲು ಏತಕ್ಕೆ ಅಂತ. ನಾನೂ ಕೂತು ಬರಿಗೈಯಿಂದ ಹುಲ್ಲು ಕೀಳತೊಡಗಿದೆ. ಎರಡು ಮರದ ಸುತ್ತ ಐದಾರು ಹೆಜ್ಜೆ ತೆರವಾಗಿತ್ತೋ ಇಲ್ಲವೋ, ಗಾಳಿ ತಿರುಗಿತು. ಕೊಳ್ಳ ಒಲೆಯ ಬಾಯಿಯಂತೆ ಬೆಂಕಿಯನ್ನು ಒಳಕ್ಕೆ ಎಳೆದುಕೊಂಡಿತು. ಎರ್ರಿಸ್ವಾಮಿ ಮತ್ತು ಇನ್ನಿಬ್ಬರು ಓಡಿ ಬಂದು ಆಕೆಯ ರಟ್ಟೆ ಹಿಡಿದು ಎಳೆದರು. “ಬಿಡ್ರಲೇ, ಇನ್ನೊಂದೀಟು ಐತಿ, ಇನ್ನೊಂದೀಟು ಐತಿ,” ಅನ್ನುತ್ತಿದ್ದಳು. ಅದನ್ನೇ ಕೆಳಗೆ ಬರುವವರೆಗೂ ಅನ್ನುತ್ತಿದ್ದಳು.

ಕೊಳ್ಳದ ಹುಲ್ಲು ಒಂದು ತಾಸಿನಲ್ಲಿ ಉರಿದು ಮುಗಿಯಿತು. ಮರಗಳು ಮುಗಿಯಲಿಲ್ಲ. ಹಳೆಯ ಕಮರದ ಒಡಲು ಟೊಳ್ಳಾಗಿರುತ್ತದೆ, ಬೆಂಕಿ ಬುಡದಿಂದ ಒಳಹೊಕ್ಕು ನಾಲ್ಕು ದಿನ ಹೊಗೆಯಾಡಿತು. ಹೊರಗೆ ನಿಂತ ಹಾಗೇ ಕಾಣುತ್ತಿದ್ದ ಮರ ಇದ್ದಕ್ಕಿದ್ದಂತೆ ಒಳಗಿನಿಂದ ಸಡಿಲಾಗಿ ಬೀಳುತ್ತಿತ್ತು. ನಾಲ್ಕನೇ ದಿನ ಒಂದೂ ನಿಂತಿರಲಿಲ್ಲ, ನಾವು ಸುತ್ತ ಕಿತ್ತ ಎರಡೂ ಸೇರಿ. ಆ ಮರಗಳು ತಲೆಮಾರುಗಟ್ಟಲೆ ಮೈಯೊಳಗೆ ಕೂಡಿಸಿಟ್ಟುಕೊಂಡದ್ದೆಲ್ಲ ನಾಲ್ಕು ದಿನದಲ್ಲಿ ಗಾಳಿಗೆ ಹೋಯಿತು. ಸಭೆಯಲ್ಲಿ ಕೈಬಾಯಿ ತಿರುಗಿಸಿ ಹೇಳಿದ್ದೆನಲ್ಲ, ಅದನ್ನು ಉಲ್ಟಾ ಮಾಡಿ ತೋರಿಸಿದವಳೂ ನಾನೇ. ಒರತೆ ಬೂದಿ ತುಂಬಿಕೊಂಡು ಆ ತಿಂಗಳೇ ಬತ್ತಿತು.

ಎರ್ರಿಸ್ವಾಮಿಯನ್ನು ಕೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂದೆ. ನನ್ನ ದನಿಯಲ್ಲಿ ಆಗಲೂ ಅಧಿಕಾರವಿತ್ತು.

“ಏನಂತ ಹೇಳಬೇಕಿತ್ರಿ?” ಅಂದ. “ಬೆಂಕಿ ವರ್ಷಾ ಬೀಳತಿತ್ತು. ಯಾರರ ಬೀಡಿ ಒಗೀತಾರ, ಜೇನು ಬಿಡಸೋರು ಹೊಗಿ ಹಾಕ್ತಾರ. ಗುಡ್ಡದ ಹುಲ್ಲು ಮೊಣಕಾಲುದ್ದ ಇರತಿತ್ತು, ಸುಟ್ಟಷ್ಟು ಸುಟ್ಟು, ಕೊಯ್ದಲ್ಲಿಗೆ ಬಂದು ನಿಂತು ಹೋಗತಿತ್ತು. ಕೊಳ್ಳದಾಗ ಯಾವತ್ತೂ ಇಳಿದಿಲ್ಲ. ಒಣಹುಲ್ಲಿಗೆ ಬೆಂಕಿ ಹತ್ತತೈತಿ ಅಂತ ಓದಿದೋರಿಗೆ ಹೇಳಾಕ ಹೋಗ್ತಾರೇನ್ರಿ ಯಾರಾದ್ರೂ?”

ಹುಲಿಗೆಮ್ಮನ ಮನೆಗೆ ಹೋದೆ. ಎರಡೂ ಅಂಗೈಗೆ ಅರಿಶಿನದ ಬಟ್ಟೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಬೈಯಲಿ ಅಂತ ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು ಅಂತ ಆಕೆಗೂ ಗೊತ್ತಿತ್ತೋ ಏನೋ. ಸೊಸೆಗೆ ಕೂಗಿ, “ಮೇಡಮ್ಮಾರಿಗೆ ಚಾ ಮಾಡವ್ವ,” ಅಂದಳು. ಚಾ ಕುಡಿದು ಬಂದೆ. ಮೇವಿಲ್ಲದೆ ಒಂದು ಎಮ್ಮೆಯನ್ನು ಸಂತೆಗೆ ಹೊಡೆದದ್ದು ಆಮೇಲೆ ತಿಳಿಯಿತು.

ಆ ಬೇಸಿಗೆ ಹೇಗೆ ಕಳೆಯಿತು ಅಂತ ನೆನಪಿಲ್ಲ. ಗುಡ್ಡದ ಕರಿಬಂಡೆಗಳ ಝಳ ಊರೊಳಗೆ ಬರುತ್ತಿತ್ತು, ಹೆಂಗಸರು ಬೆಳಗಿನ ಜಾವವೇ ಅಡುಗೆ ಮುಗಿಸಿ ಒಲೆ ಆರಿಸುತ್ತಿದ್ದರು. ಮುಂಗಾರು ಬಂದ ಎರಡು ವಾರಕ್ಕೆ ಬೂದಿಯೊಳಗಿನಿಂದ ಹುಲ್ಲು ಎದ್ದಿತು. ಸುಟ್ಟ ನೆಲದ ಹುಲ್ಲಿಗೆ ಹಸಿರು ಹೆಚ್ಚು. ಸಂಯೋಜಕರು ಫೋನ್ ಮಾಡಿದರು. “ಈ ಚಿತ್ರದಲ್ಲಿ ಗುಡ್ಡ ಹೋದ ವರ್ಷಕ್ಕಿಂತ ಹಸಿರಾಗಿದೆಯಲ್ಲ, ಚೆನ್ನಾಗಿ ಚೇತರಿಸಿಕೊಂಡಿದೆ ಅಂತ ವರದಿ ಬರೆಯಿರಿ,” ಅಂದರು. ಅದು ಬರೀ ಹುಲ್ಲು ಸರ್, ಮರ ಒಂದೂ ಇಲ್ಲ ಅಂದೆ. ಮೇಲಿನಿಂದ ನೋಡುವವರಿಗೆ ಅಷ್ಟು ಗೊತ್ತಾಗುವುದಿಲ್ಲ ಅಂದರು. ನಾನು ವರದಿ ಬರೆದೆ. ಚೇತರಿಸಿಕೊಂಡಿದೆ ಅನ್ನುವ ಪದವನ್ನೇ ಬರೆದೆ, ಕೆಳಗೆ ಸಹಿಯನ್ನೂ ಹಾಕಿದೆ.

ಮತ್ತೆ ದಸರೆ ಬಂತು. ಬನ್ನಿಯ ಮರುದಿನ ಯಾರೂ ಕರೆಯದಿದ್ದರೂ ಹೋದೆ. ಈ ಸಲ ತಡೆಯಲು ಅಲ್ಲ. ಹೆಂಗಸರು ಗುಡ್ಡದ ಬುಡದಲ್ಲಿ ನಿಂತಿದ್ದರು, ಒಳಗೆ ಹೋಗಿರಲಿಲ್ಲ. ಹುಲಿಗೆಮ್ಮ ಮುಂದೆ ಬಂದಳು. ಕುಡುಗೋಲಿನ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು.

“ಈ ವರ್ಷ ಕೊಯ್ಯಬಹುದೇನ್ರಿ ಮೇಡಮ್ಮಾರ?” ಅಂದಳು.

ತನ್ನ ಅತ್ತೆಯ ಅತ್ತೆಯ ಕಾಲದಿಂದ ಯಾರನ್ನೂ ಕೇಳದೆ ಕೊಯ್ದ ಮನೆತನದವಳು, ಹೊರಗಿನಿಂದ ಬಂದ ಇಪ್ಪತ್ತೇಳರ ಹುಡುಗಿಯ ಅಪ್ಪಣೆ ಕೇಳಿಕೊಂಡು ನಿಂತಿದ್ದಳು. ಕೊಯ್ಯಿರಿ ಅಕ್ಕ, ನನ್ನನ್ನು ಕೇಳಬೇಡಿ ಅಂದೆ.

“ಹಂಗಲ್ರಿ. ಕಾಗದದಾಗ ಬರದು ಕೊಡ್ರಿ. ನಾಳೆ ಯಾರರ ಬಂದು ಕೇಳಿದ್ರ ತೋರಸಾಕ ಬೇಕು.”

ಬ್ಯಾಗಿನಿಂದ ಹಾಳೆ ತೆಗೆದು ಬರೆದು ಕೊಟ್ಟೆ. ಓದಲು ಬಾರದ ಆಕೆ ಅದನ್ನು ತಿರುವಿ ನೋಡಿ, ಮಡಿಸಿ, ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡಳು. ಹೆಂಗಸರು ಆಕೆಯ ಹಿಂದೆ ಕೊಳ್ಳದೊಳಗೆ ಇಳಿದರು. ನಾನೂ ಇಳಿದೆ. ಹುಲ್ಲು ಸೊಂಟದವರೆಗೆ ಒಂದೇ ಸಮ ನಿಂತಿತ್ತು. ಮರಗಳಿದ್ದಲ್ಲಿ ಕುಣಿಗಳಿದ್ದವು, ಕುಣಿಗಳನ್ನೂ ಹುಲ್ಲು ಮುಚ್ಚಿತ್ತು. ಹುಲಿಗೆಮ್ಮ ಕುಡುಗೋಲು ಹಿಡಿದು ಅತ್ತ ನಾಲ್ಕು ಹೆಜ್ಜೆ ಹೋದಳು, ಇತ್ತ ನಾಲ್ಕು ಹೆಜ್ಜೆ ಬಂದಳು. ಬಾಗಿದವಳು ಮತ್ತೆ ನೆಟ್ಟಗಾದಳು.

“ಯಾವುದರ ಸುತ್ತಾ ಕೊಯ್ಲಿ?” ಅಂದಳು.

ಮೊದಲ ಕುಡುಗೋಲು ಬೀಳದೆ ಬೇರೆಯವರು ಹುಲ್ಲಿಗೆ ಕೈ ಹಚ್ಚುವಂತಿರಲಿಲ್ಲ. ಒಬ್ಬೊಬ್ಬರಾಗಿ ಹತ್ತಿ ಹೋದರು. ಕೊನೆಗೆ ಹುಲಿಗೆಮ್ಮನೂ ಹೋದಳು. ಗುಡ್ಡದ ಹುಲ್ಲನ್ನು ಆ ವರ್ಷವೂ ಯಾರೂ ಕೊಯ್ಯಲಿಲ್ಲ.

ನಾನು ದೀಪಾವಳಿಗೆ ಮೊದಲೇ ಕೆಲಸ ಬಿಟ್ಟೆ. ಶಿವರಾತ್ರಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಎರ್ರಿಸ್ವಾಮಿಯ ಫೋನ್ ಬಂತು. ಹೆಸರು ನೋಡಿದೆ. ಯಾಕೆ ಮಾಡುತ್ತಿದ್ದಾನೆ ಅಂತ ಗೊತ್ತಿತ್ತು. ಅದು ಬಡಿದುಕೊಂಡು ತಾನಾಗೇ ನಿಲ್ಲುವವರೆಗೂ ನೋಡುತ್ತ ಕೂತಿದ್ದೆ, ಎತ್ತಲಿಲ್ಲ.